ವೆಂಕಟರಾಮ ಭಟ್ಟರು ಹಾಜರಿದ್ದಾರೆ

ವಿಶಾಲಾಕ್ಷಮ್ಮನವರ ವಿಷಯ ಹೇಳಬೇಕಾದರೆ ಮೊದಲು ನನ್ನ ತಪ್ಪನ್ನು ಹೇಳಬೇಕು. ಅವರ ಸತ್ತ ಗಂಡನನ್ನು ಬದುಕಿಸಿದವನು ನಾನು. ಮಂತ್ರದಿಂದಲ್ಲ, ಸರ್ಕಾರದ ಮಸಿಯಿಂದ.

೧೯೬೦ರ ಬೇಸಿಗೆ. ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ನೀರು ನಿಂತರೆ ಯಾವ ಮನೆ ಮುಳುಗುತ್ತದೆ, ಅದರಲ್ಲಿ ಯಾರಿದ್ದಾರೆ, ಏನೇನಿದೆ ಎಂದು ಬರೆದುಕೊಳ್ಳುವ ಗುಮಾಸ್ತರಲ್ಲಿ ನಾನೂ ಒಬ್ಬ. ನನ್ನೂರು ಕುಣಿಗಲ್ ಕಡೆ. ಸಾಗರ ಸೀಮೆಯ ಹವ್ಯಕರ ಮನೆಮಾತು ನನ್ನ ಕಿವಿಗೆ ಬಿದ್ದದ್ದೇ ಆಗ. ಅದೂ ಕನ್ನಡವೇ ತಾನೆ, ಕನ್ನಡಿಗನಿಗೆ ಕನ್ನಡ ತಿಳಿಯದೆ ಹೋದೀತೇ ಎಂಬ ಜಂಬ ಬೇರೆ ಇತ್ತು. ಆ ಜಂಬದ ಕಥೆಯೇ ಇದು.

ತುಮರಿ ಕಡೆಯ ಒಂದು ಹಳ್ಳಿಯಲ್ಲಿ ಒಂದೇ ದಿನಕ್ಕೆ ಇಪ್ಪತ್ತು ಮನೆ ಮುಗಿಸಬೇಕಿತ್ತು. ಹದಿನೇಳನೆಯದೋ ಹದಿನೆಂಟನೆಯದೋ ಮನೆಯ ಜಗಲಿಯಲ್ಲಿ ಕೂತು ಫಾರಂ ಬಿಚ್ಚಿದೆ. ಹೊರಗೆ ಯಾರೂ ಬರಲಿಲ್ಲ. ಬಾಗಿಲ ಹಿಂದಿನಿಂದ ಹೆಂಗಸಿನ ದನಿ ಮಾತ್ರ ಕೇಳಿಸಿತು.

"ಖಾತೆ ವೆಂಕಟರಾಮ ಭಟ್ಟರ ಹೆಸರಲ್ಲಿದೆ. ಯಜಮಾನ್ರು ಇದ್ದಾರೇನಮ್ಮ?" ಎಂದೆ.

"ಇಲ್ಲೆ."

ನಮ್ಮ ಕಡೆ ‘ಇಲ್ಲೆ’ ಅಂದರೆ ‘ಇಲ್ಲಿಯೇ’ ಎಂದರ್ಥ. ಹವ್ಯಕರಲ್ಲಿ ‘ಇಲ್ಲ’ ಎಂದರ್ಥ. ಹಿತ್ತಿಲ ಕಡೆ ಎಲ್ಲೋ ಇರಬೇಕು ಎಂದುಕೊಂಡು, "ಖಾತೆದಾರರು ಸ್ಥಳದಲ್ಲಿ ಹಾಜರಿದ್ದಾರೆ" ಎಂದು ದುಂಡಗೆ ಬರೆದೆ. "ಎತ್ತು?" ಎಂದೆ. "ಇಲ್ಲೆ" ಎಂದಿತು ದನಿ. ಎಷ್ಟು ಎಂದು ಕೇಳುವಷ್ಟೂ ವ್ಯವಧಾನವಿಲ್ಲದೆ "ಒಂದು ಜೊತೆ" ಎಂದು ಬರೆದೆ. "ಹೆಂಗಸರು ಎಷ್ಟು ಜನ?" ಎಂದೆ. "ಆನೊಬ್ಬಳೇಯ." ಹೆಂಡತಿ, ಒಬ್ಬರು. ಮುಂದಿನ ಮನೆಗೆ ಹೋದೆ.

ಒಂದು ವಾರದ ನಂತರ ಊಟಕ್ಕೆ ಕೂತಾಗ "ಮಜ್ಜಿಗೆ ಇಲ್ಲೆ" ಎಂದು ಬಡಿಸುವವರು ಹೇಳಿದರು. ನಾನು ಎಲೆಯ ಮುಂದೆ ಸುಮ್ಮನೆ ಕಾಯುತ್ತ ಕೂತೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು, ನಾನೂ ನಕ್ಕೆ. ಬರೆದ ಫಾರಂಗಳನ್ನು ಇನ್ನೊಮ್ಮೆ ನೋಡಬೇಕು ಎಂದು ಮಾತ್ರ ಹೊಳೆಯಲಿಲ್ಲ. ಹೊಳೆದಿದ್ದರೂ ಅವು ಆಗಲೇ ಸಾಗರದ ಕಛೇರಿಯ ಬೀರು ಸೇರಿದ್ದವು.

ಮೂರು ವರ್ಷ ಕಳೆದವು. ಮುಳುಗಡೆಯವರಿಗೆ ಹೊಸನಗರದಿಂದ ಮೂರು ಮೈಲಿಯಾಚೆ, ಒಂದು ಬೋಳು ಗುಡ್ಡದ ಇಳಿಜಾರಿನಲ್ಲಿ ಜಾಗ ಕೊಟ್ಟರು. ನನಗೂ ಹೊಸನಗರಕ್ಕೇ ವರ್ಗವಾಯಿತು. ಗುಡ್ಡದ ಕೆಳಗಿನ ಹಳ್ಳಿಯಲ್ಲಿ ಹೂವಯ್ಯ ಗೌಡರ ಮನೆಯ ಹೊರಕೋಣೆಯಲ್ಲಿ ಉಳಿದುಕೊಂಡೆ. ಅವರ ಹೆಂಡತಿ ಶೇಷಮ್ಮ. ಬಾಯಿ ಜೋರು, ಕೈ ಅದಕ್ಕಿಂತ ಉದಾರ.

ಅಲ್ಲಿಗೆ ಲಾರಿಯಲ್ಲಿ ಬಂದಿಳಿದವರಲ್ಲಿ ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹೊದ್ದ ಒಬ್ಬರಿದ್ದರು. ವಿಶಾಲಾಕ್ಷಮ್ಮ ಅವರೇ. ವಯಸ್ಸು ನಲವತ್ತೈದರ ಸುಮಾರು. ಕೈಯಲ್ಲಿ ಒಂದು ಗೋಣಿಚೀಲ, ಚೀಲದೊಳಗೆ ಬೊಬ್ಬೆ ಹೊಡೆಯುವ ಬೆಕ್ಕು. ಬೆಕ್ಕಿಗೆ ಮನೆಯ ಮೇಲೆ ಪ್ರೀತಿ, ಮನೆಯವರ ಮೇಲಲ್ಲ ಎನ್ನುತ್ತಾರೆ. ಹಾಗಾಗಿ ಅವರು ಗಂಟುಮೂಟೆ ಬಿಚ್ಚುವ ಮೊದಲೇ ಬೆಕ್ಕಿಗೆ ಹೊಸ ಒಲೆಯ ಸುತ್ತ ಮೂರು ಸುತ್ತು ಬರಿಸಿ, ಕಾಲಿಗೆ ಬೆಣ್ಣೆ ಸವರಿ ಬಿಟ್ಟರು. ಬೆಕ್ಕು ಬೆಣ್ಣೆ ನೆಕ್ಕಿತು, ಒಲೆಯ ಬೂದಿಯಲ್ಲಿ ಸುರುಳಿ ಸುತ್ತಿ ಮಲಗಿತು. ಅದರ ಹೆಸರು ಬೆಳ್ಳಿ. ಆ ಗುಡ್ಡದಲ್ಲಿ ಮೊದಲು ಊರಿನವಳಾದವಳು ಅವಳೇ. ಅವಳಿಗೆ ಹಕ್ಕುಪತ್ರ ಬೇಕಾಗಲಿಲ್ಲ.

ವಿಶಾಲಾಕ್ಷಮ್ಮ ಮನುಷ್ಯರ ಕಣ್ಣಿಗೆ ಬೀಳದೆ ಬದುಕುವುದನ್ನು ರೂಢಿಸಿಕೊಂಡಿದ್ದರು. ಯಾರಾದರೂ ಕೆಲಸಕ್ಕೆ ಹೊರಟದ್ದು ಕಂಡರೆ ಬಾಗಿಲ ಹಿಂದೆ ಸರಿಯುತ್ತಿದ್ದರು. ವಿಧವೆ ಎದುರಾದರೆ ಹೋದ ಕೆಲಸ ಕೆಡುತ್ತದೆ ಎಂದು ಅತ್ತೆಮನೆಯವರು ಕಲಿಸಿದ್ದ ಪಾಠ ಅದು. ನನ್ನ ಪರಿಚಯವಾದ ಮೇಲೆ ಬೆಳ್ಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಒಂದು ದಿನ ಅವರೇ ಹೇಳಿದರು.

"ಬೆಕ್ಕು ಅಡ್ಡ ಬಂದ್ರೂ ಆಗ್ತಿಲ್ಲೆ, ಎನ್ನಂತೋರು ಎದುರು ಬಂದ್ರೂ ಆಗ್ತಿಲ್ಲೆ. ಇಬ್ರೂ ಒಂದೇ ಮನೆಲಿ ಇದ್ಯ. ಈ ದಾರಿಲಿ ಹೋಗೋರ ಗತಿ ಎಂತದು, ತಮಾ?"

ನಾನು ನಕ್ಕೆ. ಅವರು ನಗಲಿಲ್ಲ.

ಮನುಷ್ಯರ ಮುಂದೆ ಇಲ್ಲದ ಧೈರ್ಯ ಅವರಿಗೆ ಮಣ್ಣಿನ ಮುಂದಿತ್ತು. ಅಂಗಳವೆಲ್ಲ ಜಂಬಿಟ್ಟಿಗೆ ಕಲ್ಲು, ಗುದ್ದಲಿ ಹಾಕಿದರೆ ಟಣ್ ಎನ್ನುತ್ತಿತ್ತು. ಒಂದು ಬೇಸಿಗೆಯಿಡೀ ಕೂತು ಮೊಣಕಾಲುದ್ದದ ಗುಂಡಿಗಳನ್ನು ತೋಡಿದರು. ಕಾಡಿನಿಂದ ಒಣಗಿದ ಎಲೆ, ಶೇಷಮ್ಮನ ಕೊಟ್ಟಿಗೆಯಿಂದ ಗೊಬ್ಬರ ತಂದು ತುಂಬಿದರು. ಬಸಳೆ ಹಬ್ಬಿತು, ತೊಂಡೆ ಚಪ್ಪರ ಏರಿತು. ಆದರೆ ಅವರ ಜೀವವಿದ್ದದ್ದು ಡೇರೆ ಹೂವಿನ ಮೇಲೆ. ಮುಳುಗಿದ ಮನೆಯಿಂದ ಬಟ್ಟೆಗಿಂತ ಮೊದಲು ಕಟ್ಟಿಕೊಂಡದ್ದು ಏಳು ಬಣ್ಣದ ಡೇರೆ ಗಡ್ಡೆಗಳನ್ನು. ಶೇಷಮ್ಮನೂ ಗಡ್ಡೆ ಕೊಟ್ಟಳು. ಕೈಗೆ ಕೊಡುವಂತಿಲ್ಲ, ಮಡಿ, ಹಾಗಾಗಿ ಬೇಲಿಯ ಬಾಯಿಗೆ ಅಡ್ಡ ಹಾಕಿದ ದಣಪೆಯ ಮರದ ಮೇಲಿಟ್ಟು ಕೂಗಿ ಹೋಗುತ್ತಿದ್ದಳು. ಇವರು ಬಂದು ಎತ್ತಿಕೊಳ್ಳುತ್ತಿದ್ದರು. ಎರಡು ಹೆಂಗಸರ ಸ್ನೇಹ ಆ ದಣಪೆಯ ಮೇಲೇ ಬೆಳೆಯಿತು. ಮಳೆಗಾಲದಲ್ಲಿ ಊಟದ ತಟ್ಟೆಯಗಲದ ಹೂಗಳು ಬಿಟ್ಟವು. ಊರಿನ ಹೆಂಗಸರೆಲ್ಲ ಆ ಹೂ ಮುಡಿದರು. ಬೆಳೆದವರೊಬ್ಬರಿಗೆ ಮುಡಿಯುವ ಹಕ್ಕಿರಲಿಲ್ಲ, ಮುಡಿಯಲು ಕೂದಲೂ ಇರಲಿಲ್ಲ.

ಹೀಗೆ ಬೇರು ಬಿಡುತ್ತಿರುವಾಗ ಒಂದು ದಿನ ಶೇಷಮ್ಮ ನನ್ನ ಕೋಣೆಗೆ ಒಂದು ನೋಟೀಸು ತಂದಳು.

"ಆ ಅಮ್ಮಂಗೆ ಬಂದಿದ್ದು ಕಣ್ರೀ. ಎಂಥ ಬರ್ದಿದಾರೆ ನೋಡಿ. ಗಂಡ ಬರ್ಬೇಕು ಅಂತ ಓದಿದ್ರಂತೆ ಯಾರೋ. ಸತ್ತು ಹದಿಮೂರು ವರ್ಷ ಆಯ್ತು, ಎಲ್ಲಿಂದ ಬರ್ತಾರೆ?"

ಓದಿದೆ. ಖಾತೆದಾರರಾದ ವೆಂಕಟರಾಮ ಭಟ್ಟರು ಕುಟುಂಬ ಸಮೇತ ಖುದ್ದು ಹಾಜರಾಗಿ, ಸಹಿ ಮಾಡಿ ಹಕ್ಕುಪತ್ರ ಪಡೆಯತಕ್ಕದ್ದು. ತಪ್ಪಿದಲ್ಲಿ ಮಂಜೂರಾತಿ ರದ್ದಾಗಿ, ಜಾಗವನ್ನು ಪಟ್ಟಿಯಲ್ಲಿರುವ ಮುಂದಿನವರಿಗೆ ಕೊಡಲಾಗುವುದು. ತುಮರಿ ಕಡೆಯ ಆ ಜಗಲಿ, ಬಾಗಿಲ ಹಿಂದಿನ ಆ ದನಿ, ಎಲ್ಲ ಒಮ್ಮೆಲೇ ನೆನಪಾಯಿತು. ಇಲ್ಲದ ಜೊತೆ ಎತ್ತನ್ನೂ ನಾನು ಹುಟ್ಟಿಸಿದ್ದೆ. ಆದರೆ ಎತ್ತು ಬಂದು ಸಹಿ ಮಾಡಲಿ ಎಂದು ಯಾರೂ ಕೇಳಿರಲಿಲ್ಲ.

ಸಾಗರಕ್ಕೆ ಹೊರಟೆವು. ನಾನು, ವಿಶಾಲಾಕ್ಷಮ್ಮ, ಅವರಿಗೆ ಜೊತೆಯಾಗಿ ಶೇಷಮ್ಮ. ಕಛೇರಿಯಲ್ಲಿ ನಾಲ್ಕು ಗಂಟೆಗೆ ಬನ್ನಿ ಎಂದರು. ಆಗಿನ್ನೂ ಹತ್ತೂವರೆ. ಇಕ್ಕೇರಿ ನೋಡಿಲ್ಲ ಎಂದರು ವಿಶಾಲಾಕ್ಷಮ್ಮ. ಹೊಳೆಯಾಚೆಯೇ ಹುಟ್ಟಿ ಹೊಳೆಯಾಚೆಯೇ ಗಂಡನ ಮನೆ ಸೇರಿದವರು ಸಾಗರ ಪೇಟೆಯನ್ನೇ ಅವತ್ತು ಮೊದಲು ನೋಡಿದ್ದು. ಮೂವರೂ ನಡೆದೇ ಹೋದೆವು. ಅಘೋರೇಶ್ವರನ ಮುಂದಿನ ದೊಡ್ಡ ನಂದಿಯನ್ನು ಅವರು ಸುತ್ತಿ ಸುತ್ತಿ ನೋಡಿದರು. ಅದರ ಕಾಲಿನ ಸಂದಿಯಲ್ಲಿ ಒಂದು ಮಗು ತೂರಿ ಆಚೆಗೆ ಬಂದಾಗ ಹುಡುಗಿಯ ಹಾಗೆ ಕೈ ತಟ್ಟಿದರು. ಅವರ ಖುಷಿ ನೋಡಿ ನನಗೆ ತಡೆಯಲಾಗಲಿಲ್ಲ. ದೇವಸ್ಥಾನದ ಮೆಟ್ಟಿಲ ಮೇಲೆ ಕೂತು, ಆ ಫಾರಂ ಬರೆದವನು ನಾನೇ ಎಂದು ಒಪ್ಪಿಕೊಂಡೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು.

"ಆನು ಹೇಳಿದ್ದು ಸರೀನೇ ಇತ್ತಲ, ತಮಾ. ಹಂಗಾರೆ ನಾಲ್ಕು ವರ್ಷಾತು ಅವು ಬದುಕಿ ಬಂದು. ಎಂಗೊಂದು ಮಾತು ತಿಳಸದಲ್ದನ? ತಿಂಗ್ಳು ತಿಂಗ್ಳು ಈ ತಲೆ ಬೋಳಿಸ್ಕಳದಾದ್ರೂ ತಪ್ತಿತ್ತು."

ನಗುತ್ತಲೇ ಕಣ್ಣೊರೆಸಿಕೊಂಡರು. ಶೇಷಮ್ಮ ನನ್ನತ್ತ ನೋಡಿದ ನೋಟಕ್ಕಿಂತ ಎರಡು ಏಟು ವಾಸಿಯಿತ್ತು.

ನಾಲ್ಕು ಗಂಟೆಗೆ ಸಾಹೇಬರ ಮುಂದೆ ನಿಂತು, ತಪ್ಪು ನನ್ನದು, ತಿದ್ದಿಕೊಡಿ ಎಂದೆ. ಅವರು ಕೆಟ್ಟವರಲ್ಲ. ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನೀವು ಹವ್ಯಕರ ಎಷ್ಟು ಮನೆ ಬರೆದಿದ್ದೀರಿ ಗಣೇಶಮೂರ್ತಿ?"

"ಇನ್ನೂರರ ಮೇಲೆ, ಸಾರ್."

"ನಿಮಗೆ ಭಾಷೆ ತಿಳಿದಿರಲಿಲ್ಲ ಅಂತ ಈ ಒಂದು ಫಾರಂ ಮೇಲೆ ಬರೆದರೆ ಇನ್ನೂರೂ ಸುಳ್ಳಾಗ್ತವೆ. ಇನ್ನೂರು ಮನೆಯ ಹಕ್ಕುಪತ್ರ ನಿಲ್ಲುತ್ತೆ. ನಿಮ್ಮ ಕೆಲಸ ಹೋಗೋದು ಬಿಡಿ, ಆ ಜನ ಎಲ್ಲಿಗೆ ಹೋಗ್ತಾರೆ? ಆಕೆಯ ಗಂಡ ಸತ್ತದ್ದಕ್ಕೆ ಒಂದು ಕಾಗದ ತನ್ನಿ. ಕಣ್ಣು ಮುಚ್ಚಿ ಮಾಡಿಕೊಡ್ತೀನಿ."

ನಾನು ತಪ್ಪಿತಸ್ಥ ಎಂದು ಹೇಳಿಕೊಳ್ಳುವ ಸ್ವಾತಂತ್ರ್ಯವೂ ನನಗಿರಲಿಲ್ಲ.

ಕಾಗದ ಹುಡುಕಲು ತೀರ್ಥಹಳ್ಳಿಗೆ ಹೋದೆವು. ಭಟ್ಟರು ತೀರಿಕೊಂಡದ್ದು ಅಲ್ಲಿಯೇ, ೧೯೫೧ರಲ್ಲಿ, ನೆಂಟರ ಮನೆಯ ಉಪನಯನಕ್ಕೆ ಹೊರಟವರು ದಾರಿಯಲ್ಲಿ ಜ್ವರ ಹತ್ತಿ ಒಂದು ಛತ್ರದಲ್ಲಿ ಮಲಗಿದ್ದರಂತೆ. ಛತ್ರದ ಮುದುಕರು ಹಳೆಯ ಪುಸ್ತಕ ತೆಗೆದು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು. ಸಿಕ್ಕಿತು. ಅದರಲ್ಲಿ ಬರೆದಿತ್ತು: "ಪರಸ್ಥಳದ ಬ್ರಾಹ್ಮಣ, ಪ್ರಾಯ ಸುಮಾರು ನಲವತ್ತು, ಜ್ವರದಿಂದ." ಹೆಸರಿರಲಿಲ್ಲ. ಜ್ವರದಲ್ಲಿ ಮಾತು ನಿಂತ ಮನುಷ್ಯ ಹೆಸರು ಹೇಳಿರಲಿಲ್ಲ. ನೆಂಟರು ಬಂದು ಗುರುತು ಹಿಡಿದ ಮೇಲೆ ಬರೆದುಕೊಳ್ಳಬೇಕೆಂದು ಯಾರಿಗೂ ತೋಚಿರಲಿಲ್ಲ. ಸಾಕ್ಷಿ ಹೇಳಿಸೋಣವೆಂದರೆ ಆ ನೆಂಟರೂ ಈಗಿಲ್ಲ. ಮುಳುಗಿದ ಹಳ್ಳಿಯವರು ಸೊರಬ, ಶಿಕಾರಿಪುರ ಎಂದು ದಿಕ್ಕಿಗೊಬ್ಬರಾಗಿದ್ದರು. ನಾನು ಬರೆದ ಆರು ಕಾಗದಗಳಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ.

ವಿಶಾಲಾಕ್ಷಮ್ಮ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ತುಂಗೆಗಿಳಿದು ಮುಳುಗು ಹಾಕಿ ಬಂದರು. ವಾಪಸು ಬರುವಾಗ ಯಾರದೋ ಅಂಗಳದಲ್ಲಿ ಕಂಡ ಕರಿಗೆಂಪು ಡೇರೆಯ ಗಡ್ಡೆಯೊಂದನ್ನು ಕೇಳಿ ಪಡೆದುಕೊಂಡರು. ತಿರುಗಾಟದಲ್ಲಿ ಕೈಗೆ ಸಿಕ್ಕದ್ದು ಅದೊಂದೇ. ನಾಳೆ ಯಾರ ಅಂಗಳವಾಗುತ್ತದೋ ತಿಳಿಯದ ಅಂಗಳದಲ್ಲಿ ಅದನ್ನು ನೆಟ್ಟು, ಬೆಳ್ಳಿ ಕೆದಕದ ಹಾಗೆ ಸುತ್ತ ಮುಳ್ಳು ಚುಚ್ಚಿದರು. ಬೇಲಿಯಾಚೆ ನಿಂತು ಅದನ್ನು ನೋಡುತ್ತಿದ್ದ ನನಗೆ ಗುದ್ದಲಿ ಕಸಿದುಕೊಂಡು ನಾನೇ ಅಗೆಯಬೇಕು ಅನ್ನಿಸಿತು. ಬೇರೆ ಯಾವುದಕ್ಕೂ ನಾನು ಉಪಯೋಗಕ್ಕೆ ಬಂದಿರಲಿಲ್ಲ.

ಎರಡು ವರ್ಷ ನೋಟೀಸು ಬಂತು, ನಾನು ಸಮಯ ಕೇಳಿ ಬರೆದೆ. ೧೯೬೬ರ ಮಳೆಗಾಲದಲ್ಲಿ ಕಡೆಯ ನೋಟೀಸು ಬಂತು. ಸಾಗರದ ಸಾಹೇಬರಿಗೆ ವರ್ಗವಾಗಿತ್ತು. ಮೈಸೂರು ಕಡೆಯಿಂದ ಬಂದ ಹೊಸಬರು ಚೌತಿ ಕಳೆದ ಮೇಲೆ ತಾವೇ ಸ್ಥಳಕ್ಕೆ ಬಂದು ಮನೆಮನೆಯ ಹಕ್ಕುಪತ್ರ ಕೊಡುವವರಿದ್ದರು. ಅವತ್ತು ಗಂಡ ಹೆಂಡತಿ ಇಬ್ಬರೂ ಮನೆಯ ಮುಂದೆ ನಿಂತಿರಬೇಕು. ಇಲ್ಲದಿದ್ದರೆ ಮನೆ ಹೋಯಿತು.

ಆಗ ನನ್ನ ತಲೆಗೆ ಒಂದು ದಾರಿ ಹೊಳೆಯಿತು. ಒಳ್ಳೆಯದೋ ಕೆಟ್ಟದ್ದೋ, ಬೇರೆ ಇರಲಿಲ್ಲ. ನಾನು ಊಟ ಮಾಡುತ್ತಿದ್ದ ಹೊಸನಗರದ ಹೋಟೆಲಿನಲ್ಲಿ ಗೋವಿಂದ ಭಟ್ಟ ಎಂಬ ಅಡುಗೆಯವರಿದ್ದರು. ಹೆಂಡತಿ ಸತ್ತವರು, ಐವತ್ತೈದರ ಪ್ರಾಯ, ಯಾರ ಗೊಡವೆಗೂ ಹೋಗದ ಮನುಷ್ಯ. ವಿಷಯ ಹೇಳಿದೆ. ಅವರು ಸಾಂಬಾರಿಗೆ ಉಪ್ಪು ಹಾಕಿ, ರುಚಿ ನೋಡಿ, "ಒಂದು ಸಹಿ ಅಲ್ದನ? ಆತು" ಎಂದರು.

ವಿಶಾಲಾಕ್ಷಮ್ಮನವರ ಅಂಗಳದಲ್ಲಿ ನಿಂತು ನಾನು ಇದನ್ನು ಹೇಳುವಾಗ ದಣಪೆಯಾಚೆ ಶೇಷಮ್ಮ ಇದ್ದಳು.

"ನಿಮ್ಗೆ ಬುದ್ಧಿ ನೆಟ್ಟಗಿದ್ಯಾ ಮೂರ್ತಿಯವ್ರೇ? ಅವ್ರ ಗಂಡ ಅಂತ ಒಬ್ಬ ನಿಂತ್ರೆ ಇವ್ರು ಪಕ್ಕದಾಗೆ ಹ್ಯಾಂಗೆ ನಿಲ್ಲಾದು? ಈ ಸೀರೆ ಉಟ್ಕಂಡಾ? ಈ ತಲೆಲಾ?"

ಹಾಗೆ ನಿಲ್ಲುವಂತಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಗಂಡ ಬದುಕಿದ್ದಾನೆ ಅಂದರೆ ಹೆಂಡತಿ ಮುತ್ತೈದೆಯ ಹಾಗೆ ಇರಬೇಕು. ವಿಶಾಲಾಕ್ಷಮ್ಮ ಬಗ್ಗಿ ಕಳೆ ಕೀಳುತ್ತಿದ್ದರು. ಇಡೀ ಪಾತಿ ಮುಗಿಸಿ ಕೈ ತೊಳೆದು ಒಳಗೆ ಹೋದರು. ಎರಡು ದಿನ ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ಬಾಗಿಲ ಹಿಂದಿನಿಂದ ಹೇಳಿದರು.

"ಆ ಅಡಿಗೆ ಭಟ್ಟಂಗೆ ಹೇಳು. ಎನ್ನ ಹತ್ರ ಮಾತಾಡದು ಬ್ಯಾಡ. ಮುಖ ನೋಡದೂ ಬ್ಯಾಡ."

ಸಾಹೇಬರು ಬರುವ ದಿನ ಬೆಳಿಗ್ಗೆ ಶೇಷಮ್ಮ ತನ್ನ ಹಸಿರು ಸೀರೆ, ಒಂದು ಡಜನ್ ಗಾಜಿನ ಬಳೆ, ಕುಂಕುಮದ ಭರಣಿ ತೆಗೆದುಕೊಂಡು ದಣಪೆ ದಾಟಿದಳು. ಮೂರು ವರ್ಷದಲ್ಲಿ ಅವರಿಬ್ಬರ ಕೈ ಕೈಗೆ ತಾಕಿದ್ದು ಅವತ್ತೇ ಮೊದಲು. ಒಳಗೆ ಏನಾಯಿತೋ ನಾನು ನೋಡಲಿಲ್ಲ. ಶೇಷಮ್ಮ ಆಮೇಲೆ ಹೇಳಿದ್ದು ಇಷ್ಟು. ಬಳೆ ಏರಿಸುವಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ಒಂದು ಡೇರೆ ಹೂ ತಂದು, ಎಲ್ಲಿ ಮುಡಿಸಲಿ ಎಂದು ತಿಳಿಯದೆ, ತಲೆಯ ಮೇಲೆ ಹೊದಿಸಿದ ಸೆರಗಿಗೇ ಪಿನ್ನು ಚುಚ್ಚಿ ನಿಲ್ಲಿಸಿದಳು.

ಹನ್ನೊಂದಕ್ಕೆ ಜೀಪು ಬಂತು. ಫೈಲು ಹಿಡಿದು ಸಾಹೇಬರ ಹಿಂದೆ ಇಳಿದವನು ನಾನೇ. ಗೋವಿಂದ ಭಟ್ಟರು ಶಲ್ಯ ಹೊದ್ದು ಅಂಗಳದಲ್ಲಿ ನಿಂತಿದ್ದರು. ಮೂರು ಮಾರು ದೂರದಲ್ಲಿ, ಹೊಸ್ತಿಲ ಈಚೆ, ವಿಶಾಲಾಕ್ಷಮ್ಮ. ನಾನು ತಲೆಯೆತ್ತಿ ನೋಡಲಿಲ್ಲ, ಹಸಿರು ಸೀರೆಯ ಅಂಚು ಮಾತ್ರ ಕಂಡಿತು.

"ವೆಂಕಟರಾಮ ಭಟ್ಟರು ನೀವೇನಾ?"

"ಹೌದು."

"ಅವರು ನಿಮ್ಮ ಮನೆಯವರಾ?"

ಗೋವಿಂದ ಭಟ್ಟರು ಆ ಕಡೆ ತಿರುಗದೆ, "ಹೌದು" ಎಂದರು. ಸಹಿ ಹಾಕಿದರು. ಸಾಹೇಬರು ಸುತ್ತಲೂ ನೋಡಿ ಬೆರಗಾದರು.

"ಈ ಕಲ್ಲಿನ ಮೇಲೆ ಇಂಥ ತೋಟ ಮಾಡಿದ್ದೀರಲ್ಲ ಭಟ್ಟರೇ! ಎಲ್ಲರೂ ನಿಮ್ಮ ಹಾಗೆ ದುಡಿದರೆ ಸರ್ಕಾರಕ್ಕೇನು ಚಿಂತೆ."

ಗೋವಿಂದ ಭಟ್ಟರು ನೆಲ ನೋಡಿದರು. ಜೀಪು ಹತ್ತುವ ಮೊದಲು ಸಾಹೇಬರು ಇನ್ನೊಂದು ಮಾತು ಸೇರಿಸಿದರು. "ಹೊರಡುವಾಗ ಮುತ್ತೈದೆ ಎದುರಿಗಿದ್ದರು, ಒಳ್ಳೇ ಶಕುನ. ಇವತ್ತಿನ ಕೆಲಸ ಪೂರ್ತಿ ಆದ ಹಾಗೆ." ನಾನು ಫೈಲು ತೆರೆದು "ಖಾತೆದಾರರು ಹಾಜರಿದ್ದಾರೆ" ಎಂದು ಬರೆದೆ. ಮೊದಲ ಸಲ ತಿಳಿಯದೆ ಬರೆದಿದ್ದೆ.

ಗುಡ್ಡದ ಉಳಿದ ಮನೆಗಳನ್ನು ಮುಗಿಸಿ ಜೀಪು ಹೋದ ಮೇಲೆ ಮೊಹರು ಬಿದ್ದ ಹಕ್ಕುಪತ್ರವನ್ನು ಕೊಡಲು ವಾಪಸು ಬಂದೆ. ಗೋವಿಂದ ಭಟ್ಟರು ಹಿಂದಿನ ಕಾಲುದಾರಿಯಲ್ಲಿ ಹೋಗಿಬಿಟ್ಟಿದ್ದರು. ವಿಶಾಲಾಕ್ಷಮ್ಮ ಬಾವಿಕಟ್ಟೆಯ ಹತ್ತಿರ ಕೂತಿದ್ದರು. ಹಣೆ ಆಗಲೇ ಬರಿದಾಗಿತ್ತು, ಉಜ್ಜಿದ ಜಾಗ ಕೆಂಪಾಗಿತ್ತು. ಶೇಷಮ್ಮ ಅಳುತ್ತಿದ್ದಳು.

"ಬಳೆ ಇರ್ಲಿ ಅಮ್ಮ, ಬ್ಯಾಡ. ಬೈಗಿಗೆ ಮೆಲ್ಲಗೆ ನಾನೇ ಸೋಪು ಹಚ್ಚಿ ತೆಗಿತೀನಿ. ಒಡಿಬ್ಯಾಡಿ. ಕೈ ಹಿಡ್ಕಂತೀನಿ ಬೇಕಾದ್ರೆ, ಒಡಿಬ್ಯಾಡಿ."

"ಬ್ಯಾಡ, ಶೇಷಮ್ಮ. ಅವತ್ತು ಅವು ಹೋದಾಗ ನಾಲ್ಕು ಜನ ಎನ್ನ ಹಿಡಕಂಡಿದ್ದ. ಅದು ಅವ್ರ ಮನೆ. ಇದು ಎನ್ನ ಮನೆ, ಆನೇ ಮಾಡ್ಕತ್ತೆ."

ಅವರು ಎಡಗೈಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟರು. ನಾನು ಮುಂದಿನ ಜಗಲಿಗೆ ಬಂದು, ಹಕ್ಕುಪತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹಿಂದಿನಿಂದ ಬಳೆ ಒಡೆಯುವ ಸದ್ದು ಹನ್ನೆರಡು ಸಲ ಕೇಳಿಸಿತು.